ವಾಚಿನ ಬಾಯಿ ಮುಚ್ಚಿಸಿದ ಕಥೆ

ಕಳೆದ ದಸರಾ ರಜೆಗೆ ಪುಣೆಯಿಂದ ಬಂದ ಮಗ ಒಂದು ವಾಚ್ ತಂದುಕೊಟ್ಟ. ಸೀರೆ ತಂದಿರಬಹುದು ಅಂದುಕೊಂಡಿದ್ದೆ. "ಅಮ್ಮ, ಇದು ಹೆಜ್ಜೆ ಎಣಿಸುತ್ತೆ, ಎದೆಬಡಿತ ಎಣಿಸುತ್ತೆ, ಬಿದ್ದರೆ ನನಗೆ ಮೆಸೇಜ್ ಕಳಿಸುತ್ತೆ" ಅಂದ. 24 ವರ್ಷ ಬ್ಯಾಂಕಿನ ಕ್ಯಾಶ್ ಕೌಂಟರಿನಲ್ಲಿ ಕೂತು ಎಣಿಸಿದವಳು ನಾನು. ಈಗ ನನ್ನನ್ನೇ ಎಣಿಸೋಕೆ ಒಂದು ಯಂತ್ರ.

ಡಬ್ಬದ ಮೇಲೆ ಬ್ಯಾಟರಿ 10 ದಿನ ಅಂತ ಬರೆದಿತ್ತು. ನನಗೆ ಬಂದದ್ದು ನಾಲ್ಕು. ಅದಕ್ಕಿಂತ ಜಾಸ್ತಿ ತಲೆಕೆಟ್ಟಿದ್ದು ಅದರ ಗುರ್ ಗುರ್. ನನ್ನ ಫೋನ್ ಸದಾ ಅಡುಗೆಮನೆ ಕಟ್ಟೆಯ ಮೇಲೆ ಇರುತ್ತದೆ. ಬಟ್ಟೆ ಒಣಹಾಕೋಕೆ ಮಹಡಿಗೆ ಹೋದರೆ ಕೈ ಗುರ್ ಅನ್ನುತ್ತದೆ, ಫೋನ್ ಸಂಪರ್ಕ ಹೋಯಿತಂತೆ. ಕೆಳಗೆ ಬಂದರೆ ಮತ್ತೆ ಗುರ್, ಸಿಕ್ಕಿತಂತೆ. ಇದರ ಜೊತೆಗೆ ನಮ್ಮ ಬೀದಿಯ ಗ್ರೂಪಿನ ಗುಡ್ ಮಾರ್ನಿಂಗ್‌ಗಳು. ವಾಚಿನಲ್ಲಿ ಗುಲಾಬಿ ಕೂಡ ಕಾಣುವುದಿಲ್ಲ, 'ಫೋಟೋ' ಅಂತ ಬರುತ್ತದೆ ಅಷ್ಟೇ.

ಒಂದು ಶುಕ್ರವಾರ ಎಡಗೈಯಲ್ಲಿ ಗಂಟೆ, ಬಲಗೈಯಲ್ಲಿ ಆರತಿ ಹಿಡಿದಿದ್ದೆ. ಸತತವಾಗಿ ಏಳು ಮೆಸೇಜ್. ಅತ್ತೆ ಕಣ್ಣು ಮುಚ್ಚಿಕೊಂಡೇ ಕೇಳಿದರು: "ಏನೇ ಅದು, ಕೈಗೆ ಜೀರುಂಡೆ ಕಟ್ಟಿಕೊಂಡಿದ್ದೀಯಾ?"

ಅವತ್ತೇ ಮಧ್ಯಾಹ್ನ ಸೆಟ್ಟಿಂಗ್ಸ್ ತೆರೆದು 'ಫೋನ್' ಅಂತಿದ್ದ ಸ್ವಿಚ್, ಅಂದರೆ ಫೋನಿನ ಜೊತೆಗಿನ ಬ್ಲೂಟೂತ್, ಆಫ್ ಮಾಡಿದೆ. ವೈಫೈ ಕೂಡ ತೆಗೆದೆ. ವೈಫೈಗೆ ಮೊದಲಿನಿಂದಲೂ ನಮ್ಮ ಮನೆ ಒಗ್ಗಿರಲಿಲ್ಲ, ಬಿಡಿ. ಹೊಸ ರೂಟರ್ 5 ಗಿಗಾಹರ್ಟ್ಸ್‌ನದೊಂದು, 2.4ರದೊಂದು ಅಂತ ಎರಡು ಹೆಸರು ತೋರಿಸುತ್ತದೆ. ನನ್ನ ವಾಚಿಗೆ 2.4 ಮಾತ್ರ ಕಾಣುತ್ತದೆ. ಅದು ತಿಳಿಯದೆ ಒಂದು ಭಾನುವಾರ ಪೂರ್ತಿ ಪಾಸ್‌ವರ್ಡ್ ಒತ್ತಿದ್ದೆ.

ಆಫ್ ಮಾಡಿದ ಮೇಲೆ ಮನೆ ತಣ್ಣಗಾಯಿತು. ಬ್ಯಾಟರಿ ಒಂಬತ್ತನೇ ದಿನಕ್ಕೂ ಉಳಿದಿತ್ತು. ಎಲ್ಲರಿಗೂ ಹೇಳಿಕೊಂಡು ತಿರುಗಿದೆ.

ಮೂರನೇ ವಾರಕ್ಕೆ ಒಂದು ತೊಂದರೆ ಶುರುವಾಯಿತು. ನಾನು ಬೆಳಿಗ್ಗೆ ಆರಕ್ಕೆ ಕುಕ್ಕರಹಳ್ಳಿ ಕೆರೆಗೆ ನಡೆಯೋಕೆ ಹೋಗುತ್ತೇನೆ. ಗೇಟಿನ ಹತ್ತಿರ ಬಟನ್ ಒತ್ತಿದರೆ ಮೊದಲೆಲ್ಲ ನಾಲ್ಕೈದು ಸೆಕೆಂಡಿನಲ್ಲಿ ಜಿಪಿಎಸ್ ಹಸಿರಾಗುತ್ತಿತ್ತು. ಈಗ ನಿಂತೇ ಇರಬೇಕು. ಮರದ ಕೆಳಗೆ ನಿಂತರೆ ಇನ್ನೂ ತಡ. ಬ್ಲೂಟೂತ್ ಆಫ್ ಮಾಡಿದ್ದಕ್ಕೆ ಜಿಪಿಎಸ್ಸೇ ಕೆಟ್ಟಿತು ಅಂತ ಹೆದರಿದೆ.

ಕೆಟ್ಟಿರಲಿಲ್ಲ. ಜಿಪಿಎಸ್‌ಗೆ ಬಾಯಿ ಇಲ್ಲ, ಕಿವಿ ಮಾತ್ರ. ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಮೇಲೆ ಸುತ್ತುತ್ತಾ, ನಾನು ಇಲ್ಲಿದ್ದೇನೆ, ಈಗ ಸಮಯ ಇಷ್ಟು ಅಂತ ಹೇಳುತ್ತಲೇ ಇರುತ್ತವೆ. ವಾಚು ಕಡೇಪಕ್ಷ ನಾಲ್ಕರ ಮಾತು ಕೇಳಿ ಲೆಕ್ಕ ಹಾಕುತ್ತದೆ. ತಾನು ಒಂದಕ್ಷರ ವಾಪಸ್ ಹೇಳುವುದಿಲ್ಲ. ಆದರೆ ಉಪಗ್ರಹದ ಮಾತಿನ ವೇಗ ಸೆಕೆಂಡಿಗೆ 50 ಬಿಟ್. ನಮ್ಮ ಬ್ಯಾಂಕಿನ ಹಳೇ ಡಯಲ್‌ಅಪ್ ಮೋಡೆಮ್ ಇದರ ಮುಂದೆ ರೇಸ್ ಕುದುರೆ. ಒಂದು ಉಪಗ್ರಹ ತನ್ನ ದಾರಿಯ ವಿವರ ಒಪ್ಪಿಸೋಕೆ ಅರ್ಧ ನಿಮಿಷ ಬೇಕು, ಅದೂ ಮಧ್ಯದಲ್ಲಿ ಮರ ಅಡ್ಡ ಬರದಿದ್ದರೆ. ಅಷ್ಟು ಹೊತ್ತು ಕಾಯುವುದು ಬೇಡ ಅಂತ ಯಾವ ಉಪಗ್ರಹ ಎಲ್ಲಿರುತ್ತದೆ ಅನ್ನುವ ಪಂಚಾಂಗವನ್ನು ಫೋನು ಇಂಟರ್ನೆಟ್‌ನಿಂದ ತಂದು, ಬ್ಲೂಟೂತ್‌ನಲ್ಲಿ ವಾಚಿಗೆ ಕೊಟ್ಟಿರುತ್ತದೆ. ಅದು ಕೆಲವು ದಿನಕ್ಕೆ ಹಳತಾಗುತ್ತದೆ. ನನ್ನ ಕೈಯಲ್ಲಿದ್ದದ್ದು ಮೂರು ವಾರದ ಹಿಂದಿನ ಪಂಚಾಂಗ. ಹಿಂದಿನ ರಾತ್ರಿ ಐದು ನಿಮಿಷ ಬ್ಲೂಟೂತ್ ಹಾಕಿದರೆ ಸಾಕಿತ್ತು.

ಎದೆಪಟ್ಟಿಯ ಕಥೆ ಇನ್ನೂ ಮಜವಾಗಿದೆ. ಎದೆಬಡಿತ ಸರಿಯಾಗಿ ಅಳೆಯೋಕೆ ಅಂತ ಮಗ ಅದನ್ನೂ ಕೊಟ್ಟುಹೋಗಿದ್ದ. ಅದು ವಾಚಿನ ಜೊತೆ ಮಾತಾಡುವುದು ಆಂಟ್ ಪ್ಲಸ್ ಅನ್ನುವ ಬೇರೆಯೇ ರೇಡಿಯೋದಲ್ಲಿ. ಮೊದಲ ಸಲ ನಾನು ಅದನ್ನು 'ಆಂಟಿ ಪ್ಲಸ್' ಅಂತ ಓದಿ, ನನ್ನಂಥವರಿಗೇ ಮಾಡಿದ್ದಾರೆ ಅಂದುಕೊಂಡೆ. ಬ್ಲೂಟೂತ್ ಸ್ವಿಚ್ ತೆಗೆದರೂ ಇದು ನಡೆಯುತ್ತಲೇ ಇರುತ್ತದೆ. ಕೆರೆ ಗೇಟಿನಲ್ಲಿ ಮೊದಲ ಸಲ ಜೋಡಿಸಿದೆ. ಆಗಷ್ಟೇ ಸ್ಕೂಟರ್ ನಿಲ್ಲಿಸಿ ಬಂದಿದ್ದೆ. ವಾಚು 151 ಅಂದಿತು. ಎದೆ ನಿಜವಾಗಿಯೂ ಧಸಕ್ ಅಂದಿತು, ಆದರೂ 151 ಇಳಿಯಿತೇ ಹೊರತು ಏರಲಿಲ್ಲ. ಪಕ್ಕದಲ್ಲಿ ನನ್ನ ಗೆಳತಿ ಎರಡು ಸುತ್ತು ಓಡಿ ಬಂದು ಏದುಸಿರು ಬಿಡುತ್ತಿದ್ದಳು. ಅವಳೂ ಪಟ್ಟಿ ಕಟ್ಟುತ್ತಾಳೆ. ನನ್ನ ವಾಚು ಹಿಡಿದಿದ್ದು ಅವಳ ಎದೆಯನ್ನು. ಅವಳು ಮನೆಗೆ ಹೊರಟ ಮೇಲೆ ವಾಚಿನಲ್ಲಿ ಸಂಖ್ಯೆಯ ಜಾಗದಲ್ಲಿ ಬರೀ ಎರಡು ಗೆರೆ ಉಳಿಯಿತು.

ಆಂಟ್ ಪ್ಲಸ್ ಬೀದಿಯಲ್ಲಿ ಕೂಗುವ ಸೊಪ್ಪಿನವಳ ಹಾಗೆ, ಯಾರು ಬೇಕಾದರೂ ಕೇಳಿಸಿಕೊಳ್ಳಬಹುದು. ಅದಕ್ಕೇ ಜೋಡಿಸುವ ಕೆಲಸ ಮನೆಯಲ್ಲಿ, ಒಬ್ಬರೇ ಇದ್ದಾಗ ಮಾಡಬೇಕು. ಬ್ಲೂಟೂತ್ ಪಟ್ಟಿಗಳದ್ದು ಇನ್ನೊಂದು ರೀತಿ. ಹಳೇ ಪಟ್ಟಿಗಳು ಒಂದು ಸಲಕ್ಕೆ ಒಬ್ಬರ ಜೊತೆ ಮಾತ್ರ ಮಾತಾಡುತ್ತವೆ. ಫೋನಿನ ಯಾವುದೋ ಆ್ಯಪ್ ಮೊದಲು ಹಿಡಿದುಕೊಂಡರೆ ವಾಚಿಗೆ ಸಿಗುವುದೇ ಇಲ್ಲ.

ಹಾಡಿನ ವಿಷಯ ನನಗೆ ತುಂಬಾ ದಿನ ಅರ್ಥವಾಗಲಿಲ್ಲ. ವಾಚಿನಲ್ಲೇ ಹಾಡು ತುಂಬಿಸಿ, ಕಿವಿಗೆ ಬ್ಲೂಟೂತ್ ಇಯರ್‌ಫೋನ್ ಹಾಕಿಕೊಂಡು ಹೋಗುತ್ತೇನೆ. ಮನೆಯಲ್ಲಿ ಚೆನ್ನಾಗಿ ಕೇಳುತ್ತದೆ. ಕೆರೆ ಏರಿಯ ಮೇಲೆ, ಯಾವ ಅಡ್ಡಿಯೂ ಇಲ್ಲದ ಬಯಲಿನಲ್ಲಿ, ತುಂಡು ತುಂಡು. ತಲೆಕೆಳಗಾಗಿದೆ ಅಲ್ವಾ? ಕಾರಣ ನಾನೇ. ಈ ರೇಡಿಯೋ ಅಲೆಗಳು ಓಡುವುದು 2.4 ಗಿಗಾಹರ್ಟ್ಸ್‌ನಲ್ಲಿ, ಆ ಅಲೆಗಳನ್ನು ನೀರು ನುಂಗುತ್ತದೆ. ಮನುಷ್ಯರ ಮೈಯಲ್ಲಿ ಇರುವುದೆಲ್ಲ ಹೆಚ್ಚಾಗಿ ನೀರೇ. ಎಡಗೈಯಲ್ಲಿ ವಾಚು, ಬಲಕಿವಿಯಲ್ಲಿ ಇಯರ್‌ಫೋನಿನ ಆ್ಯಂಟೆನಾ, ಮಧ್ಯದಲ್ಲಿ ನಾನು ಎಂಬ ಬಿಂದಿಗೆ. ಮನೆಯೊಳಗೆ ಗೋಡೆಗೆ, ಸೂರಿಗೆ ಬಡಿದು ಅಲೆ ಹೇಗೋ ಕಿವಿ ಸೇರುತ್ತದೆ. ಬಯಲಿನಲ್ಲಿ ಬಡಿಯೋಕೆ ಏನೂ ಇಲ್ಲ. ಈಗ ವಾಚನ್ನು ಬಲಗೈಗೆ ಕಟ್ಟುತ್ತೇನೆ. ಮನೆಯವರಿಗೆ ಅದು ನೋಡೋಕೆ ವಿಚಿತ್ರವಂತೆ. ಹಾಡು ಕೇಳುವುದು ಅವರಲ್ಲವಲ್ಲ.

ಜನವರಿಯಲ್ಲಿ ಕೆರೆ ಬಳಗದವರೆಲ್ಲ ಕೊಡಗಿನ ತಡಿಯಂಡಮೋಳ್ ಹತ್ತಿದೆವು. ದೊಡ್ಡ ವೀರರಾಜೇಂದ್ರ ಕಟ್ಟಿಸಿದ ನಾಲ್ಕುನಾಡು ಅರಮನೆ ನೋಡಿಕೊಂಡು, ಅಲ್ಲಿಂದ ನಡಿಗೆ. ನಾನು ಫೋನನ್ನೂ ವಾಚನ್ನೂ ಏರೋಪ್ಲೇನ್ ಮೋಡ್‌ಗೆ ಹಾಕಿದೆ. "ಹಾಗೆ ಮಾಡಿದರೆ ದಾರಿ ರೆಕಾರ್ಡ್ ಆಗಲ್ಲ ಕಣೇ" ಅಂದಳು ಗೆಳತಿ. ಪಂಚಾಂಗ ಹಿಂದಿನ ರಾತ್ರಿಯೇ ತುಂಬಿಸಿದ್ದೆ. ಕಿವಿ ತೆರೆದಿತ್ತು, ಬಾಯಿ ಮುಚ್ಚಿತ್ತು. ಪೂರ್ತಿ ದಾರಿ ದಾಖಲಾಯಿತು. ಅವಳ ಫೋನು ಇಲ್ಲದ ಟವರ್ ಹುಡುಕಿ ಹುಡುಕಿ ಮಧ್ಯಾಹ್ನಕ್ಕೆ ಸತ್ತುಹೋಯಿತು. ಶಿಖರದ ಎತ್ತರ 1748 ಮೀಟರ್, ನನ್ನ ವಾಚು 1739 ಅಂದಿತು. ಒಂಬತ್ತು ಕಡಿಮೆ. ಕ್ಯಾಶ್ ಟ್ಯಾಲಿ ಆಗದ ಸಂಜೆಯ ಹಳೇ ಸಂಕಟ ಬೆಟ್ಟದ ಮೇಲೂ ಬಂತು.

ಒಂದು ಮಾತು. ದಾರಿಯಲ್ಲಿ ರೇಡಿಯೋ ಮುಚ್ಚಿದ್ದೆ ಅಂತ ಗುಟ್ಟು ಉಳಿಯುವುದಿಲ್ಲ. ಮನೆಗೆ ಬಂದು ಸಿಂಕ್ ಮಾಡಿದ ಕೂಡಲೇ ಎಲ್ಲ ಹೊರಗೆ. 2018ರ ಜನವರಿಯಲ್ಲಿ, ಓಟ-ನಡಿಗೆಯ ದಾರಿ ದಾಖಲಿಸುವ ಸ್ಟ್ರಾವಾ ಆ್ಯಪಿನ ಭೂಪಟದಲ್ಲಿ ಸೈನಿಕರು ಓಡಿದ ಗೆರೆಗಳೆಲ್ಲ ಹೊಳೆದು, ಸೇನಾ ನೆಲೆಗಳೇ ಕಂಡುಬಿಟ್ಟಿದ್ದವು. ನನ್ನ ಗೆರೆ ದಿನಾ ಸರಿಯಾಗಿ ನಮ್ಮ ಮನೆ ಗೇಟಿನಿಂದ ಶುರುವಾಗುತ್ತಿತ್ತು. ಈಗ ಮನೆ ಸುತ್ತಲಿನ ಜಾಗ ಕಾಣದ ಹಾಗೆ ಆ್ಯಪಿನಲ್ಲಿ ಮರೆ ಹಾಕಿದ್ದೇನೆ.

ಇಷ್ಟೆಲ್ಲ ಸಾಧಿಸಿದ್ದನ್ನು ಫೋನಿನಲ್ಲಿ ಮಗನಿಗೆ ಜಂಬದಿಂದ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ.

"ಅಮ್ಮ, ವಾಚಿಗೆ ಸಿಮ್ ಇಲ್ಲ. ನೀನು ಬಿದ್ದರೆ ಮೆಸೇಜ್ ಹೋಗೋದು ನಿನ್ನ ಫೋನಿಂದ. ಬ್ಲೂಟೂತ್ ಆಫ್ ಆಗಿದ್ದರೆ ಅದು ಯಾರಿಗೆ ಹೇಳಬೇಕು?"

ಅವನು ವಾಚ್ ಕೊಡಿಸಿದ್ದೇ ಅದಕ್ಕೆ. ನಾನು ಅದನ್ನೇ ಮೊದಲು ಕಿತ್ತುಹಾಕಿದ್ದೆ.

ರಾಜಿ ಆಯಿತು. ಸದ್ದು ಬೇಡ ಅಂದರೆ ನೋಟಿಫಿಕೇಶನ್ ತೆಗೆಯಬೇಕು, ಬ್ಲೂಟೂತ್ ಅಲ್ಲ. ಅವೆರಡೂ ಬೇರೆ ಅಂತ ನನಗೆ ಹೊಳೆದಿರಲೇ ಇಲ್ಲ. ಈಗ ಕರೆ ಬಂದರೆ ಮಾತ್ರ ಕೈ ಗುರ್ ಅನ್ನುತ್ತದೆ. ಸಂಪರ್ಕ ಹೋಯಿತು-ಬಂತು ಅನ್ನುವ ಎಚ್ಚರಿಕೆ ಬಂದ್. ಮನೆಯಲ್ಲಿ ಬ್ಲೂಟೂತ್ ಆಫ್. ನಡೆಯೋಕೆ ಹೊರಟಾಗ ಆನ್, ಫೋನು ಸೊಂಟದ ಚೀಲದಲ್ಲಿ. ಬ್ಯಾಟರಿ ಎಂಟು ದಿನ ಬರುತ್ತದೆ.

ಹೋದ ಮಂಗಳವಾರ ಕೆರೆ ಹತ್ತಿರ ಹಸಿ ಎಲೆ ತುಳಿದು ಜಾರಿದೆ. ಧಡ್ ಅಂತ ಕೂತೆ, ಅಷ್ಟೇ, ಏನೂ ಆಗಲಿಲ್ಲ. ವಾಚು ಮಾತ್ರ ದೊಡ್ಡ ಅಕ್ಷರದಲ್ಲಿ ಎಚ್ಚರಿಕೆ ತೋರಿಸಿ ಹಿಂದಕ್ಕೆ ಎಣಿಸೋಕೆ ಶುರುಮಾಡಿತು. ಸೊನ್ನೆ ಮುಟ್ಟಿದರೆ ಪುಣೆಯಲ್ಲಿ ಅವನು ಮೀಟಿಂಗ್ ಬಿಟ್ಟು ಏಳುತ್ತಾನೆ. ಮಣ್ಣು ಮೆತ್ತಿದ ಕೈಯಲ್ಲೇ ಬಟನ್ ಹುಡುಕಿ ಒತ್ತಿದೆ. ನಿಂತಿತು.

ರಾತ್ರಿ ಮಗ ಫೋನ್ ಮಾಡಿ "ವಾಕಿಂಗ್ ಹೇಗಿತ್ತಮ್ಮ?" ಅಂದ. ಚೆನ್ನಾಗಿತ್ತು ಅಂದೆ. ಅವನು ಕನ್ನಡ ಓದುವುದು ಕಡಿಮೆ, ಇಲ್ಲಿ ಬರೆದರೆ ತೊಂದರೆಯಿಲ್ಲ.