ಕಾರಿನ ಮೂತಿಯಲ್ಲೊಂದು ಪ್ಲಗ್

ಇವತ್ತು ಅಂಗಡಿ ಮುಂದೆ ಒಂದು ಹಳೇ ಪಿಕಪ್ ನಿಂತಿತ್ತು. ಮೂತಿಯಿಂದ ವೈರು ಹೊರಗೆ ಬಂದು, ತುದಿಯಲ್ಲಿ ಮೂರು ಪಿನ್ನಿನ ಪ್ಲಗ್ ನೇತಾಡುತ್ತಿತ್ತು.

ಎಲೆಕ್ಟ್ರಿಕ್ ಗಾಡಿ ಅಲ್ಲ. ಅಮೆರಿಕದ ಮಿನ್ನೆಸೋಟ ರಾಜ್ಯದ ಈ ಕೂಚಿಚಿಂಗ್ ಕೌಂಟಿಯಲ್ಲಿ ಚಳಿಗಾಲದ ರಾತ್ರಿ ಪೆಟ್ರೋಲ್ ಗಾಡಿಗೂ ಕರೆಂಟ್ ಬೇಕು. ಎಂಜಿನ್ನಿಗೆ ಪುಟ್ಟ ಹೀಟರ್ ಹಾಕಿಸಿರುತ್ತಾರೆ. ಅದು ಕೂಲಂಟನ್ನು, ಅಂದರೆ ಎಂಜಿನ್ ಒಳಗೆ ಹರಿಯುವ ದ್ರವವನ್ನು, ಬೆಚ್ಚಗಿಡುತ್ತದೆ. ಇಲ್ಲದಿದ್ದರೆ ಆಯಿಲ್ ಗಟ್ಟಿಯಾಗಿ, ಬ್ಯಾಟರಿ ಸೋತು, ಬೆಳಿಗ್ಗೆ ಗಾಡಿ ಸ್ಟಾರ್ಟ್ ಆಗುವುದೇ ಕಷ್ಟ.

ಜನವರಿಯಲ್ಲಿ ಮೈನಸ್ 30 ಡಿಗ್ರಿ ಸೆಲ್ಸಿಯಸ್ ಅಂದರೆ ಇಲ್ಲಿ ಯಾರಿಗೂ ಆಶ್ಚರ್ಯವಿಲ್ಲ. ಮೈನಸ್ 40ಕ್ಕೆ ಇಳಿದರೆ ಸೆಲ್ಸಿಯಸ್ಸೋ ಫ್ಯಾರನ್‌ಹೀಟೋ ಅಂತ ಕೇಳಬೇಕಾಗಿಲ್ಲ, ಎರಡೂ ಒಂದೇ! ರೇನಿ ಲೇಕ್ ಗಟ್ಟಿಯಾಗಿ ಹೆಪ್ಪುಗಟ್ಟಿದ ಮೇಲೆ ಅದರ ಮೇಲೇ ರಸ್ತೆ ಮಾಡಿ ಕಾರು ಓಡಿಸುತ್ತಾರೆ. ಜುಲೈನಲ್ಲಿ ಅದೇ ನೀರಲ್ಲಿ ದೋಣಿಗಳು.

ಫೋಟೋದಲ್ಲಿ ಹಿಮ ನೋಡಿ ಎಷ್ಟು ಚೆಂದ ಅಂತೀವಿ, ಅಲ್ವಾ? ಇಲ್ಲಿನವರಿಗೆ ಅದು ದಿನಾ ಸಂಜೆಯ ಕೆಲಸ. ಹಿಮ ತೋಡಬೇಕು, ಪ್ಲಗ್ ಚುಚ್ಚಬೇಕು. ನಮ್ಮೂರಲ್ಲಿ ಊಟ ಆಯ್ತಾ ಅಂತ ಕೇಳಿದ ಹಾಗೆ ಇಲ್ಲಿ ಪಕ್ಕದ ಮನೆ ಅಜ್ಜ ಕೇಳುತ್ತಾರೆ, "ಗಾಡಿಗೆ ಪ್ಲಗ್ ಹಾಕಿದ್ರಾ?" ಅಂತ. ಆ ಕಾಳಜಿ ನನಗೆ ತುಂಬಾ ಇಷ್ಟ.

ನಮ್ಮ ಗಾಡಿಗೂ ಈ ವಾರ ಹೀಟರ್ ಹಾಕಿಸಬೇಕು. ಇಂಥ ಚಳಿ ಊರಲ್ಲಿ ಇರುವವರು ಯಾರಾದರೂ ಇದ್ದೀರಾ? ರಾತ್ರಿಯಿಡೀ ಹಾಕಿಡುತ್ತೀರೋ, ಬೆಳಗಿನ ಜಾವಕ್ಕೆ ಟೈಮರ್ ಇಡುತ್ತೀರೋ, ಹೇಳಿ.