ಆರೇಳು ಕುರ್ಚಿಗಳ ಬಾರ್‌ನಲ್ಲಿ ಟೋಕಿಯೊದ ರಾತ್ರಿ

ಟೋಕಿಯೊದಲ್ಲಿ ರಾತ್ರಿ ಸುತ್ತಾಡಬೇಕು ಅನ್ನುವವರು ಮೊದಲು ಗೊತ್ತುಮಾಡಿಕೊಳ್ಳಬೇಕಾದದ್ದು ಕಡೆಯ ರೈಲಿನ ಹೊತ್ತನ್ನು. ಹೆಚ್ಚಿನ ಮಾರ್ಗಗಳಲ್ಲಿ ರಾತ್ರಿ 12ರಿಂದ 1 ಗಂಟೆಯೊಳಗೆ ರೈಲು ನಿಂತುಬಿಡುತ್ತದೆ. ಮತ್ತೆ ಹೊರಡುವುದು ಬೆಳಗಿನ ಜಾವ ನಾಲ್ಕೂವರೆಗೋ ಐದಕ್ಕೋ. ನಡುವೆ ಟ್ಯಾಕ್ಸಿ ಇದೆ, ಆದರೆ ರಾತ್ರಿ 10ರಿಂದ ಬೆಳಿಗ್ಗೆ 5ರವರೆಗೆ ಅದರ ಬಾಡಿಗೆ ಶೇ 20ರಷ್ಟು ಜಾಸ್ತಿ. ದೂರದ ಬಡಾವಣೆಯಲ್ಲಿ ಮನೆ ಇದ್ದವರಿಗೆ ಅದು ದುಬಾರಿ. ಒಬ್ಬರು ಮಲಗುವಷ್ಟೇ ಜಾಗದ ಗೂಡುಗಳಿರುವ ಕ್ಯಾಪ್ಸೂಲ್ ಹೋಟೆಲಿನಲ್ಲಿ ಮಲಗಿದರೆ ಅದಕ್ಕಿಂತ ಅಗ್ಗ.

ಹಾಗಾಗಿ ಈ ಊರಿನ ರಾತ್ರಿ ಎರಡು ತುಂಡಾಗಿದೆ. ಕಚೇರಿ ಬಿಟ್ಟ ಮೇಲೆ ಶುರುವಾಗಿ ಕಡೆಯ ರೈಲಿಗೆ ಮುಗಿಯುವುದು ಒಂದು. ಕಡೆಯ ರೈಲು ಹೋದ ಮೇಲೂ ಉಳಿದವರದು ಇನ್ನೊಂದು. ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ ಶಿಂಜುಕು ನಿಲ್ದಾಣದ ಎದುರು ನಿಂತು ನೋಡಿ. ಟೈ ಸಡಿಲಿಸಿದ ಗಂಡಸರು, ಹೈಹೀಲ್ಸ್ ಹಾಕಿದ ಹೆಂಗಸರು, ಕಾಲೇಜು ಹುಡುಗರು, ಎಲ್ಲರೂ ಒಂದೇ ದಿಕ್ಕಿಗೆ ಓಡುತ್ತಿರುತ್ತಾರೆ. ಕೋವಿಡ್‌ಗೆ ಮುಂಚೆ ದಿನಕ್ಕೆ 30 ಲಕ್ಷಕ್ಕಿಂತ ಹೆಚ್ಚು ಜನ ಓಡಾಡುತ್ತಿದ್ದ ನಿಲ್ದಾಣ ಅದು. ಅಲ್ಲಿ ಅಷ್ಟು ಹೊತ್ತಿನಲ್ಲಿ ಎದುರು ದಿಕ್ಕಿಗೆ ನಡೆಯುವುದು ಸುಲಭವಲ್ಲ.

ಟೋಕಿಯೊದಲ್ಲಿ ಹಲವು ವರ್ಷಗಳಿಂದ ಕೆಲಸ ಮಾಡುತ್ತಿರುವ ಗೆಳತಿಯೊಬ್ಬಳು ನನಗೆ ದಾರಿ ತೋರಿಸಿದಳು. ಅವಳ ನಿಯಮ ಒಂದೇ. "ಎಲ್ಲಿಗೆ ಹೋದರೂ ಮೊದಲು ಹೊಟ್ಟೆಗೆ ಏನಾದರೂ ಹಾಕ್ಕೋ. ಖಾಲಿ ಹೊಟ್ಟೇಲಿ ಇಲ್ಲಿ ಯಾರೂ ಕುಡಿಯಲ್ಲ."

ಹೊಟ್ಟೆಗೆ ಹಾಕಿಕೊಳ್ಳಲು ಅವಳು ಕರೆದುಕೊಂಡು ಹೋದದ್ದು ನಿಲ್ದಾಣದ ಪಶ್ಚಿಮ ಬಾಗಿಲಿನ ಪಕ್ಕದ ಒಮೊಯಿದೆ ಯೊಕೊಚೊ ಓಣಿಗೆ. ಎರಡನೇ ಮಹಾಯುದ್ಧ ಮುಗಿದು ಊರು ಬೂದಿಯಾಗಿದ್ದಾಗ ಕಾಳಸಂತೆಯಾಗಿ ಹುಟ್ಟಿದ ಜಾಗ. 1999ರಲ್ಲಿ ಬೆಂಕಿ ಬಿದ್ದು ಒಂದು ಭಾಗ ಸುಟ್ಟುಹೋಗಿತ್ತು. ಮತ್ತೆ ಕಟ್ಟಿದಾಗಲೂ ಅದೇ ಇಕ್ಕಟ್ಟನ್ನು ಉಳಿಸಿಕೊಂಡರು. ಇಬ್ಬರು ಎದುರುಬದುರಾದರೆ ಒಬ್ಬರು ಗೋಡೆಗೆ ಒರಗಿ ದಾರಿ ಬಿಡಬೇಕು. ಕೆಂಡದ ಮೇಲೆ ಕೋಳಿ ಮಾಂಸದ ಕಡ್ಡಿಗಳು, ಓಣಿಯ ತುಂಬ ಹೊಗೆ. ಮಾಂಸ ತಿನ್ನದವರಿಗೂ ಅಲ್ಲಿ ದಾರಿ ಇದೆ. ಸುಟ್ಟ ಅಣಬೆ, ಸುಟ್ಟ ಹಸಿರು ಮೆಣಸಿನಕಾಯಿ, ಉಪ್ಪು ಹಾಕಿ ಬೇಯಿಸಿದ ಎಳೆ ಸೋಯಾ ಕಾಯಿ, ತಣ್ಣನೆಯ ತೋಫು. ಆದರೆ ಸಾರು, ಸಾಸಿನಲ್ಲಿ ಮೀನು ಇರುವುದು ತುಂಬಾ ಸಾಮಾನ್ಯ, ಕೇಳಿಯೇ ತಿನ್ನಬೇಕು. ಕುಡಿಯಲು ಹೆಚ್ಚಿನವರ ಕೈಯಲ್ಲಿ ಬಿಯರ್ ಇಲ್ಲವೇ ಹೈಬಾಲ್, ಅಂದರೆ ತುಂಬಾ ಐಸ್ ಹಾಕಿ ಸೋಡಾ ಬೆರೆಸಿದ ವಿಸ್ಕಿ.

ಕುಳಿತ ಕೂಡಲೇ ನಾವು ಹೇಳದೇ ಇದ್ದರೂ ಒಂದು ಪುಟ್ಟ ಬಟ್ಟಲು ತಿಂಡಿ ಎದುರು ಬರುತ್ತದೆ. ಇದು ಒತೊಶಿ. ಬಿಲ್ಲಿನಲ್ಲಿ ಅದಕ್ಕೆ 300 ರಿಂದ 500 ಯೆನ್ ಸೇರಿರುತ್ತದೆ. ಇದು ಮೋಸ ಅಂದುಕೊಂಡು ಜಗಳಕ್ಕೆ ನಿಲ್ಲುವ ಪ್ರವಾಸಿಗರಿದ್ದಾರೆ. ಕೂರುವ ಜಾಗಕ್ಕೆ ಕೊಡುವ ಹಣ ಅಂದುಕೊಂಡರೆ ಸರಿಹೋಗುತ್ತದೆ. ಅದರ ಬದಲಿಗೆ ಟಿಪ್ಸ್ ಅನ್ನುವುದು ಇಲ್ಲವೇ ಇಲ್ಲ.

ರೈಲು ಹಳಿಯ ಆಚೆ ಬದಿಯಲ್ಲಿ ಕಬುಕಿಚೊ. ಯುದ್ಧದ ನಂತರ ಅಲ್ಲಿ ಕಬುಕಿ ಎಂಬ ಜಪಾನಿನ ಸಾಂಪ್ರದಾಯಿಕ ನಾಟಕಕ್ಕೆ ಒಂದು ನಾಟಕಶಾಲೆ ಕಟ್ಟುವ ಯೋಜನೆ ಇತ್ತು. ಹೆಸರು ಇಟ್ಟಾಯಿತು, ನಾಟಕಶಾಲೆ ಬರಲೇ ಇಲ್ಲ. ಈಗ ಅಲ್ಲಿರುವುದು ಬಣ್ಣದ ದೀಪಗಳು, ಕರೋಕೆ ಕಟ್ಟಡಗಳು, ಹುಡುಗರ ದೊಡ್ಡ ದೊಡ್ಡ ಫೋಟೊ ಹಾಕಿದ ಹೋಸ್ಟ್ ಕ್ಲಬ್‌ಗಳು, ಅಂದರೆ ಹೆಣ್ಣು ಗಿರಾಕಿಗಳ ಜೊತೆ ಕುಳಿತು ಮಾತಾಡಲು, ಕುಡಿಯಲು ಹುಡುಗರನ್ನು ಇಟ್ಟುಕೊಂಡ ಜಾಗಗಳು. ಸಿನಿಮಾ ಕಟ್ಟಡದ ಮೇಲಿಂದ 2015ರಿಂದ ಗಾಡ್ಜಿಲ್ಲಾದ ತಲೆ ಇಣುಕುತ್ತಿದೆ. ರಸ್ತೆಯಲ್ಲಿ ಗಿರಾಕಿ ಹಿಡಿಯುವವರು ಹಿಂದೆ ಬೀಳುತ್ತಾರೆ. ಅವರ ಹಿಂದೆ ಹೋಗಬೇಡಿ, ದುಡ್ಡು ಸುಲಿಯುತ್ತಾರೆ ಅಂತ ಕಂಬದ ಮೇಲಿನ ಧ್ವನಿವರ್ಧಕ ಬೇರೆ ಬೇರೆ ಭಾಷೆಗಳಲ್ಲಿ ಹೇಳುತ್ತಲೇ ಇರುತ್ತದೆ. ನನಗೆ ಅಲ್ಲಿ ನಿಲ್ಲುವ ಮನಸ್ಸಾಗಲಿಲ್ಲ. ಒಮ್ಮೆ ನಡೆದು ನೋಡಿದರೆ ಸಾಕು.

ಕ್ಲಬ್ಬಿನ ಮಾತಿಗೆ ಬಂದರೆ ಶಿಬುಯಾ ಬಡಾವಣೆಗೇ ಹೋಗಬೇಕು. ಮಾರುಯಾಮಾಚೊ ಅನ್ನುವ ದಿಬ್ಬದ ಮೇಲೆ, ಗಂಟೆ ಲೆಕ್ಕದ ಹೋಟೆಲುಗಳ ನಡುವೆ ವೂಮ್ ಎಂಬ ಕ್ಲಬ್ ಇದೆ. 2000ನೇ ಇಸವಿಯಲ್ಲಿ ಶುರುವಾದದ್ದು. ಬಾಗಿಲಲ್ಲಿ ಪಾಸ್‌ಪೋರ್ಟ್ ತೋರಿಸಲೇಬೇಕು, ತಲೆ ನರೆತವರೂ ತೋರಿಸಬೇಕು. 2022ರಲ್ಲಿ ಜಪಾನ್ ವಯಸ್ಕರಾಗುವ ವಯಸ್ಸನ್ನು 18ಕ್ಕೆ ಇಳಿಸಿತು, ಆದರೆ ಕುಡಿತಕ್ಕೆ ಮಾತ್ರ 20 ಹಾಗೇ ಉಳಿಯಿತು. ಕೋಟು, ಚೀಲ ಎಲ್ಲವನ್ನೂ ನಾಣ್ಯ ಹಾಕುವ ಲಾಕರ್‌ನಲ್ಲಿಟ್ಟು ಒಳಗೆ ಹೋದರೆ ದೊಡ್ಡ ಕನ್ನಡಿ ಗೋಳದ ಕೆಳಗೆ ಜನ ಕುಣಿಯುತ್ತಿದ್ದಾರೆ. ಹೆಚ್ಚಿನವರ ಮುಖ ಡಿಜೆ ಕಡೆಗೆ. ಒಬ್ಬರೇ ಬಂದವರು ಬಹಳ. ಯಾರೂ ಯಾರನ್ನೂ ತಳ್ಳುವುದಿಲ್ಲ, ಬಂದು ಮೈಮೇಲೆ ಬೀಳುವುದಿಲ್ಲ. ಅಷ್ಟು ಶ್ರದ್ಧೆಯಿಂದ ಕೇಳುವ ಜನರನ್ನು ನಾನು ಯಾವ ಡ್ಯಾನ್ಸ್ ಫ್ಲೋರ್‌ನಲ್ಲೂ ನೋಡಿರಲಿಲ್ಲ.

2016ರವರೆಗೂ ಹೀಗೆ ರಾತ್ರಿಯಿಡೀ ಕುಣಿಯುವುದು ಕಾನೂನಿಗೆ ವಿರುದ್ಧವಾಗಿತ್ತು ಅಂದರೆ ನಂಬುತ್ತೀರಾ? 1948ರಲ್ಲಿ ವೇಶ್ಯಾವಾಟಿಕೆಯನ್ನು ಹದ್ದುಬಸ್ತಿನಲ್ಲಿಡಲು ಒಂದು ಕಾನೂನು ಬಂತು. ಆಗ ಡ್ಯಾನ್ಸ್ ಹಾಲ್‌ಗಳೂ ಅದರೊಳಗೆ ಬಂದವು. ಗಿರಾಕಿಗಳನ್ನು ಕುಣಿಸುವ ಜಾಗಕ್ಕೆ ವಿಶೇಷ ಪರವಾನಗಿ ಬೇಕು, ಪರವಾನಗಿ ಇದ್ದರೂ ನಡುರಾತ್ರಿಗೆ, ಕೆಲವು ಕಡೆ 1 ಗಂಟೆಗೆ ಮುಚ್ಚಬೇಕು ಅನ್ನುವ ನಿಯಮ ಉಳಿದುಕೊಂಡಿತು. ಬಹಳ ಕಾಲ ಪೊಲೀಸರು ಕಂಡೂ ಕಾಣದ ಹಾಗೆ ಇದ್ದರು. 2010ರ ನಂತರ ಹಿಡಿತ ಬಿಗಿಯಾಯಿತು. ದಯವಿಟ್ಟು ಕುಣಿಯಬೇಡಿ ಅಂತ ಬಾರ್‌ಗಳು ಬೋರ್ಡ್ ಹಾಕಿದವು. 2012ರಲ್ಲಿ ಒಸಾಕಾದ ನೂನ್ ಎಂಬ ಕ್ಲಬ್ಬಿನ ಮೇಲೆ ದಾಳಿಯಾಗಿ ಮಾಲೀಕರ ಬಂಧನವಾಯಿತು. ಅವರು ಕೋರ್ಟಿನಲ್ಲಿ ಹೋರಾಡಿದರು, 2014ರಲ್ಲಿ ನಿರ್ದೋಷಿ ಎಂದು ತೀರ್ಪು ಬಂತು. ಇತ್ತ ಕಾನೂನು ಬದಲಿಸಿ ಎಂದು ಸಹಿ ಸಂಗ್ರಹ ನಡೆಯಿತು. ಸಂಗೀತಗಾರ ರ್ಯುಇಚಿ ಸಕಾಮೊತೊ ಅದಕ್ಕೆ ದನಿಗೂಡಿಸಿದರು. ಒಂದೂವರೆ ಲಕ್ಷಕ್ಕಿಂತ ಹೆಚ್ಚು ಜನ ಸಹಿ ಹಾಕಿದರು.

2015ರಲ್ಲಿ ತಿದ್ದುಪಡಿಯಾಯಿತು, 2016ರ ಜೂನ್‌ನಲ್ಲಿ ಜಾರಿಗೆ ಬಂತು. ಈಗ ಹೊಸ ಪರವಾನಗಿ ಪಡೆದ ಕ್ಲಬ್‌ಗಳು ಬೆಳಗಿನವರೆಗೂ ನಡೆಯಬಹುದು. ಒಳಗಿನ ಬೆಳಕು 10 ಲಕ್ಸ್‌ಗಿಂತ ಹೆಚ್ಚಿರಬೇಕು, ಅಂದರೆ ಸಿನಿಮಾ ನಡುವಿನ ವಿರಾಮದಲ್ಲಿ ಟಾಕೀಸಿನೊಳಗೆ ಇರುವಷ್ಟು ಮಂದ ಬೆಳಕಾದರೂ ಬೇಕು. ಜನ ತಾಳ್ಮೆಯಿಂದ ಕೇಳಿ ಪಡೆದ ಹಕ್ಕು ಇದು. ನಾಲ್ಕು ಗಂಟೆಯ ಜಾವದಲ್ಲೂ ಜಾಗ ಬಿಡದೆ ಕುಣಿಯುತ್ತಿದ್ದವರನ್ನು ನೋಡುವಾಗ ನನಗೆ ಅವರ ಮೇಲೆ ಗೌರವ ಹುಟ್ಟಿತು.

ಇನ್ನು ಗಿಂಝಾ ಬಡಾವಣೆ. ಬಿಳಿ ಕೋಟಿನ ಬಾರ್‌ಟೆಂಡರ್‌ಗಳ ಪ್ರಪಂಚ ಅದು. ಒಬ್ಬರು ದೊಡ್ಡ ಐಸ್ ಗಡ್ಡೆಯನ್ನು ಚಾಕುವಿನಿಂದ ಕೆತ್ತಿ ಗ್ಲಾಸಿಗೆ ಸರಿಯಾಗಿ ಕೂರುವಂತೆ ಮಾಡುವುದನ್ನು ನೋಡುತ್ತ ಕುಳಿತೆವು. ಕೈ ಒಮ್ಮೆಯೂ ತಡವರಿಸಲಿಲ್ಲ. ಚೆಂದ, ಅಚ್ಚುಕಟ್ಟು, ದುಬಾರಿ. ಅಲ್ಲಿನ ಲುಪಿನ್ ಎಂಬ ನೆಲಮಾಳಿಗೆಯ ಬಾರ್ 1928ರದು.

ಆದರೆ ನನ್ನ ಮನಸ್ಸು ನಿಂತದ್ದು ಗೋಲ್ಡನ್ ಗಾಯ್‌ನಲ್ಲಿ. ಕಬುಕಿಚೊದ ಅಂಚಿನಲ್ಲಿ, ಹನಜೊನೊ ದೇಗುಲದ ಬೆನ್ನಿಗೆ ಇರುವ ಆರು ಕಿರಿದಾದ ಓಣಿಗಳು. ಹಿಂದೆ ಟ್ರಾಮ್ ಓಡುತ್ತಿದ್ದ ಹಳಿಯ ಜಾಗ ಈಗ ಮರಗಳ ಕಾಲುದಾರಿ, ಅದರ ಮೂಲಕ ನಡೆದು ಹೋದೆವು. ಈ ಆರು ಓಣಿಗಳಲ್ಲಿ 200ಕ್ಕೂ ಹೆಚ್ಚು ಬಾರ್‌ಗಳಿವೆ. ಎರಡು ಅಂತಸ್ತಿನ ಹಳೇ ಮರದ ಮನೆಗಳು. ಕೆಳಗೊಂದು ಬಾರ್, ಏಣಿಯಂಥ ಕಡಿದಾದ ಮೆಟ್ಟಿಲು ಹತ್ತಿದರೆ ಮೇಲೊಂದು. ಒಂದೊಂದರಲ್ಲಿ ಆರೋ ಏಳೋ ಕುರ್ಚಿ, ಒಂದು ಕೌಂಟರ್, ಅದರ ಹಿಂದೆ ಒಬ್ಬರೇ ಒಬ್ಬರು.

ಆ ಒಬ್ಬರೇ ಬಾರ್. ಅದು ನನಗೆ ಅರ್ಥವಾದದ್ದು ಒಳಗೆ ಕುಳಿತ ಮೇಲೆ. ಅವರಿಗೆ ಹಳೇ ಸಿನಿಮಾ ಇಷ್ಟ ಅಂದರೆ ಗೋಡೆ ತುಂಬ ಪೋಸ್ಟರ್. ಪಂಕ್ ಸಂಗೀತ ಇಷ್ಟ ಅಂದರೆ ಅದೇ ಕೇಳಬೇಕು. ಆಳು ಇಟ್ಟುಕೊಳ್ಳಬೇಕಿಲ್ಲ, ದಿನಕ್ಕೆ ಇಪ್ಪತ್ತು ಮಂದಿ ಬಂದರೆ ಅಂಗಡಿ ತುಂಬಿದಂತೆ. ಹಾಗಾಗಿ ಎಲ್ಲರಿಗೂ ಹಿಡಿಸಬೇಕು ಅನ್ನುವ ಚಿಂತೆಯೂ ಇಲ್ಲ. ದೊಡ್ಡ ಊರಿನಲ್ಲಿ ಇಂಥ ಜಾಗ ಉಳಿಯುವುದು ಎಷ್ಟು ಕಷ್ಟ, ಅಲ್ವಾ?

ಮಹಡಿಯ ಒಂದು ಬಾರನ್ನು ಎಪ್ಪತ್ತರ ಆಸುಪಾಸಿನ ಹೆಂಗಸು ನಡೆಸುತ್ತಿದ್ದರು. ಎಲ್ಲರೂ ಅವರನ್ನು ಮಾಮಾ, ಅಂದರೆ ಅಮ್ಮ, ಅಂತಲೇ ಕರೆಯುತ್ತಿದ್ದರು. ಅವರ ಹಿಂದಿನ ಕಪಾಟಿನಲ್ಲಿ ವಿಸ್ಕಿ ಬಾಟಲಿಗಳ ಸಾಲು, ಒಂದೊಂದರ ಕುತ್ತಿಗೆಗೂ ಹೆಸರು ಬರೆದ ಚೀಟಿ. ಮಾಮೂಲಿ ಗಿರಾಕಿಗಳು ಬಾಟಲಿಯನ್ನೇ ಕೊಂಡು ಅಲ್ಲೇ ಬಿಟ್ಟು ಹೋಗುತ್ತಾರೆ, ಬಂದಾಗಲೆಲ್ಲ ಅದರಿಂದಲೇ ಕುಡಿಯುತ್ತಾರೆ. ಪಕ್ಕದಲ್ಲಿ ಕುಳಿತಿದ್ದ ಒಬ್ಬರು ರಂಗಭೂಮಿಯಲ್ಲಿ ಬೆಳಕಿನ ಕೆಲಸ ಮಾಡುವವರು. ಇನ್ನೊಂದು ತುದಿಯಲ್ಲಿ ಒಬ್ಬಳೇ ಬಂದ ಹುಡುಗಿ, ಕೈಯಲ್ಲಿ ಪುಸ್ತಕ. ಅವಳನ್ನು ಯಾರೂ ತಿರುಗಿ ನೋಡಲಿಲ್ಲ. ಒಬ್ಬಂಟಿ ಹೆಂಗಸು ಇಷ್ಟು ನೆಮ್ಮದಿಯಿಂದ ಬಾರ್‌ನಲ್ಲಿ ಕೂರುವುದನ್ನು ನೋಡಿ ನನಗೆ ಖುಷಿಯಾಯಿತು. ಕೌಂಟರ್ ಅಷ್ಟು ಚಿಕ್ಕದಾಗಿರುವಾಗ ಯಾರ ನಡತೆಯೂ ಮಾಮಾ ಕಣ್ಣು ತಪ್ಪಿಸುವುದಿಲ್ಲ. ಅದೇ ಅಲ್ಲಿಯ ಕಾವಲು.

ಈ ಓಣಿಗಳ ಹಿಂದಿನ ಕಥೆ ಸುಲಭದ್ದಲ್ಲ. ಯುದ್ಧದ ನಂತರದ ಕಾಳಸಂತೆಯವರು ಇಲ್ಲಿಗೆ ಬಂದರು. ಮುಂದೆ ಪರವಾನಗಿ ಇಲ್ಲದೆ ಹೆಣ್ಣುಮಕ್ಕಳ ದಂಧೆ ನಡೆಯಿತು. 1958ರಲ್ಲಿ ಅದಕ್ಕೆ ನಿಷೇಧ ಪೂರ್ತಿ ಜಾರಿಯಾದ ಮೇಲೆ ಇದ್ದ ಪುಟ್ಟ ಕೋಣೆಗಳೇ ಬಾರ್‌ಗಳಾದವು. ಲೇಖಕರು, ಪತ್ರಕರ್ತರು, ಸಿನಿಮಾ, ನಾಟಕದವರು ಸೇರತೊಡಗಿದರು. 1980ರ ದಶಕದಲ್ಲಿ ಜಾಗದ ಬೆಲೆ ಆಕಾಶಕ್ಕೇರಿತು. ದೊಡ್ಡ ಕಟ್ಟಡ ಕಟ್ಟುವವರಿಗಾಗಿ ಜಾಗ ಬಿಡಿಸುವ ಪುಂಡರು ಟೋಕಿಯೊದ ತುಂಬ ಓಡಾಡುತ್ತಿದ್ದ ಕಾಲ. ಮನೆಗಳಿಗೆ ಬೆಂಕಿ ಇಡುತ್ತಾರೆ ಅನ್ನುವ ಭಯದಲ್ಲಿ ಇಲ್ಲಿಯವರು ರಾತ್ರಿ ಸರದಿ ಹಾಕಿಕೊಂಡು ಓಣಿ ಕಾದರು. ಬಹಳ ಬಾರ್‌ಗಳು ಖಾಲಿಯಾದವು, ಆದರೂ ಎಲ್ಲರೂ ಹೋಗಲಿಲ್ಲ. ಆಮೇಲೆ ಜಾಗದ ಬೆಲೆಯೇ ಕುಸಿಯಿತು, ಓಣಿಗಳು ಉಳಿದುಕೊಂಡವು.

"ಇಲ್ಲಿಂದ ಸ್ವಲ್ಪ ದೂರ ನಡೆದರೆ ನಿಚೋಮೆ," ಅಂದಳು ಗೆಳತಿ. ಸಲಿಂಗಿಗಳ ನೂರಾರು ಪುಟ್ಟ ಬಾರ್‌ಗಳು ಒಂದೇ ಕಡೆ ಇರುವ ಬೀದಿಗಳು ಅವು. ಅಲ್ಲೂ ಅದೇ ಅಳತೆ, ಕೆಲವೇ ಕುರ್ಚಿ, ಒಬ್ಬ ಯಜಮಾನ. ಮನೆಯಲ್ಲಿ, ಕಚೇರಿಯಲ್ಲಿ ಹೇಳಿಕೊಳ್ಳಲಾಗದ್ದನ್ನು ಹೇಳಿಕೊಳ್ಳಲು ಅಂಥ ಕೋಣೆ ಬೇಕಾಗುತ್ತದೆ.

ಗೋಲ್ಡನ್ ಗಾಯ್ ಈಗ ಪ್ರವಾಸಿಗರಿಂದ ತುಂಬಿದೆ. ಕೆಲವು ಬಾರ್‌ಗಳು ಪರಿಚಯದವರಿಗೆ ಮಾತ್ರ ಅಂತ ಬಾಗಿಲಿಗೆ ಬರೆದಿವೆ, ಕೆಲವು ವಿದೇಶಿಗರನ್ನು ಇಂಗ್ಲಿಷಿನಲ್ಲೇ ಕರೆಯುತ್ತವೆ. ಎರಡನ್ನೂ ನಾನು ತಪ್ಪು ಅನ್ನಲಾರೆ. ಏಳು ಕುರ್ಚಿಯಲ್ಲಿ ಐದನ್ನು ಫೋಟೊ ತೆಗೆದು ಹೋಗುವವರೇ ಹಿಡಿದರೆ ಮೂವತ್ತು ವರ್ಷದ ಗಿರಾಕಿ ಎಲ್ಲಿ ಕೂರಬೇಕು? ಹಾಗಂತ ಹೊಸಬರು ಬರದಿದ್ದರೆ ಬಾಡಿಗೆ ಕಟ್ಟುವವರು ಯಾರು?

ಹೋಗುವುದಿದ್ದರೆ ಇಬ್ಬರಿಗಿಂತ ಜಾಸ್ತಿ ಜನ ಒಟ್ಟಿಗೆ ಹೋಗಬೇಡಿ. ಕೂರುವ ಹಣ ಎಷ್ಟು ಅಂತ ಬಾಗಿಲಲ್ಲೇ ನೋಡಿಕೊಳ್ಳಿ, ಕೆಲವು ಕಡೆ ಇಲ್ಲ, ಹಲವು ಕಡೆ 500 ರಿಂದ 1,000 ಯೆನ್ ಅಥವಾ ಅದಕ್ಕೂ ಹೆಚ್ಚು. ಚಿಲ್ಲರೆ ನೋಟು ಇಟ್ಟುಕೊಳ್ಳಿ. ಓಣಿಯಲ್ಲಾಗಲಿ ಒಳಗಾಗಲಿ ಕೇಳದೆ ಫೋಟೊ ತೆಗೆಯಬೇಡಿ. ಸುಮ್ನೆ ಇಣುಕಿ ನೋಡಿ ಹೋಗುವ ಬದಲು ಒಂದನ್ನಾದರೂ ಕುಡಿಯಿರಿ, ಮದ್ಯ ಬೇಡದವರಿಗೆ ಊಲಾಂಗ್ ಚಹಾ ಇದ್ದೇ ಇರುತ್ತದೆ. ಮಾಮೂಲಿ ಗಿರಾಕಿಯೊಬ್ಬರು ಬಾಗಿಲು ತೆರೆದು ಜಾಗ ಹುಡುಕುತ್ತಿದ್ದರೆ ಬಿಲ್ ಕೇಳಿ ಎದ್ದುಬಿಡಿ. ಅದೇ ಓಣಿಯಲ್ಲಿ ಇನ್ನೊಂದು ಬಾಗಿಲು ತಟ್ಟಬಹುದು.