ಕತ್ತರಿಸಿದ ನಾಳವನ್ನು ಮತ್ತೆ ಜೋಡಿಸುವ ಮುನ್ನ

ಎರಡನೆಯ ಹೆರಿಗೆಯ ಬೆನ್ನಿಗೇ ಆಪರೇಷನ್ ಮಾಡಿಸಿಬಿಡುವುದು ನಮ್ಮ ಕಡೆ ಬಾಣಂತನದ ಒಂದು ಭಾಗವೆಂಬಷ್ಟು ಸಹಜವಾಗಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದೊಳಗಿನ ವಿವಾಹಿತ ಮಹಿಳೆಯರ ಪೈಕಿ ಅರ್ಧಕ್ಕಿಂತ ಹೆಚ್ಚಿನವರು ಸಂತಾನಹರಣ ಶಸ್ತ್ರಚಿಕಿತ್ಸೆಗೆ ಒಳಗಾದವರು. ನನ್ನ ತಂಗಿ 24ನೆಯ ವಯಸ್ಸಿಗೇ ಅವರಲ್ಲೊಬ್ಬಳಾಗಿದ್ದಳು. ಗಂಡ ತೀರಿಕೊಂಡು, ಕೆಲವು ವರ್ಷಗಳ ಬಳಿಕ ಮರುಮದುವೆಯಾದ ಮೇಲೆ ಅವಳಿಗೆ ಇನ್ನೊಂದು ಮಗು ಬೇಕೆನಿಸಿತು.

ಅಂಡ ಗರ್ಭಕೋಶಕ್ಕೆ ಸಾಗುವ ನಾಳಕ್ಕೆ ಗಂಟು ಹಾಕಿರುತ್ತಾರೆ, ಬಿಚ್ಚಿದರಾಯಿತು ಎಂಬ ನಂಬಿಕೆ ನಮ್ಮ ಮನೆಯಲ್ಲೂ ಇತ್ತು. ಆದರೆ ಸಿಸೇರಿಯನ್ ಸಮಯದಲ್ಲಿ ಸಾಮಾನ್ಯವಾಗಿ ಅನುಸರಿಸುವ ಪೊಮೆರಾಯ್ ವಿಧಾನದಲ್ಲಿ ಅಂಡನಾಳವನ್ನು ಮಡಿಸಿ, ಕಟ್ಟಿ, ಮಡಿಕೆಯ ಭಾಗವನ್ನು ಕತ್ತರಿಸಿ ತೆಗೆಯುತ್ತಾರೆ. ಉದರದರ್ಶಕದ (ಹೊಟ್ಟೆಯೊಳಗೆ ಇಳಿಸಿ ನೋಡುವ ಲ್ಯಾಪರೊಸ್ಕೋಪ್) ಮೂಲಕ ಉಂಗುರ ಅಥವಾ ಕ್ಲಿಪ್ ಹಾಕಿದ್ದರೆ ನಷ್ಟವಾಗುವ ಭಾಗ ಕಡಿಮೆ. ವಿದ್ಯುತ್ತಿನಿಂದ ಸುಟ್ಟಿದ್ದರೆ ಹೆಚ್ಚು. ನಾಳದ ತುದಿಯ ಕುಚ್ಚನ್ನೇ ತೆಗೆದಿದ್ದರೆ ಮರುಜೋಡಣೆಗೆ ಹೆಚ್ಚಿನ ಆಸೆ ಇಟ್ಟುಕೊಳ್ಳುವಂತಿಲ್ಲ. ಹತ್ತು-ಹನ್ನೆರಡು ಸೆಂಟಿಮೀಟರ್ ಉದ್ದದ ನಾಳದಲ್ಲಿ ಜೋಡಣೆಯ ನಂತರ ಕನಿಷ್ಠ ನಾಲ್ಕು ಸೆಂಟಿಮೀಟರ್‌ನಷ್ಟಾದರೂ ಉಳಿಯಬೇಕೆಂದು ವೈದ್ಯರು ಬಯಸುತ್ತಾರೆ. ಅಂದರೆ ರೀಕ್ಯಾನಲೈಸೇಶನ್ ಎಂದು ಕರೆಯುವ ಈ ಮರುಜೋಡಣೆಯ ಭವಿಷ್ಯ ಬಹುಪಾಲು ಮೊದಲ ಆಪರೇಷನ್ನಿನ ದಿನವೇ ತೀರ್ಮಾನವಾಗಿರುತ್ತದೆ.

ಹೀಗಿರುವಾಗ ತಂಗಿಯ ಡಿಸ್ಚಾರ್ಜ್ ಚೀಟಿಯಲ್ಲಿ ಇದ್ದದ್ದು ‘ಸಿಸೇರಿಯನ್, ಟ್ಯೂಬೆಕ್ಟಮಿ’ ಎಂಬ ಎರಡೇ ಪದ. ಯಾವ ವಿಧಾನ, ಎಷ್ಟು ಭಾಗ ತೆಗೆದರು ಎಂಬುದಕ್ಕೆ ದಾಖಲೆಯೇ ಇರಲಿಲ್ಲ. ಬಣ್ಣದ ದ್ರವ ಹಾಯಿಸಿ ತೆಗೆಯುವ ಎಕ್ಸ್-ರೇ ಗರ್ಭಕೋಶದ ಕಡೆಯ ತುಂಡನ್ನಷ್ಟೇ ತೋರಿಸುತ್ತದೆ; ಆಚೆ ಬದಿಯಲ್ಲಿ ಏನು ಉಳಿದಿದೆಯೆಂದು ತಿಳಿಯಲು ಉದರದರ್ಶಕವನ್ನೇ ಇಳಿಸಿ ನೋಡಬೇಕು. ಇಷ್ಟು ಸಣ್ಣ ವಿವರವನ್ನು ಬರೆದುಕೊಡದಿರುವುದು ನನ್ನ ದೃಷ್ಟಿಯಲ್ಲಿ ಅಕ್ಷಮ್ಯ. ಇಂದು ಆಪರೇಷನ್ ಮಾಡಿಸಿಕೊಳ್ಳುವವರು ಆ ವಿವರವನ್ನು ಕೇಳಿ ಬರೆಸಿಕೊಳ್ಳಬೇಕು.

2004ರ ಸುನಾಮಿಯಲ್ಲಿ ಮಕ್ಕಳನ್ನು ಕಳೆದುಕೊಂಡ ನಾಗಪಟ್ಟಿಣದಂಥ ಜಿಲ್ಲೆಗಳ ತಾಯಂದಿರಿಗೆ ತಮಿಳುನಾಡು ಸರ್ಕಾರ ಈ ಮರುಜೋಡಣೆಯನ್ನು ಉಚಿತವಾಗಿ ಒದಗಿಸಿತ್ತು. ಅಷ್ಟು ದೊಡ್ಡ ದುರಂತವಾದರೆ ಮಾತ್ರ ಸರ್ಕಾರಕ್ಕೆ ಇದು ತನ್ನ ಹೊಣೆಯೆನಿಸಬೇಕೆ? ಸಂತಾನಹರಣಕ್ಕೆ ಒಪ್ಪಿದವರಿಗೆ ಪರಿಹಾರಧನ ಕೊಡುವ ವ್ಯವಸ್ಥೆ, ಮನೆಯೊಂದರ ಸದ್ದಿಲ್ಲದ ಸಾವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂದು ನನಗನ್ನಿಸುತ್ತದೆ.

ತಂಗಿಯ ಅಂಡಾಶಯದ ಸಾಮರ್ಥ್ಯದ ಜೊತೆಗೆ ಭಾವನ ವೀರ್ಯಪರೀಕ್ಷೆಯನ್ನೂ ವೈದ್ಯರು ಮೊದಲೇ ಮಾಡಿಸಿದರು. ಭಾವ ಅದಕ್ಕೆ ಹಿಂದೆಮುಂದೆ ನೋಡಿದರೆಂಬುದು ಬೇರೆ ಮಾತು. ಅಲ್ಲಿ ಕೊರತೆಯಿದ್ದಿದ್ದರೆ ನಾಳ ಜೋಡಿಸಿಯೂ ಫಲವಿರುತ್ತಿರಲಿಲ್ಲ. ಅಂಡ-ವೀರ್ಯಾಣುಗಳನ್ನು ದೇಹದ ಹೊರಗೆ ಕೂಡಿಸುವ ಐವಿಎಫ್‌ಗೆ ನಾಳದ ಅಗತ್ಯವೇ ಇಲ್ಲವಾದ್ದರಿಂದ, ವಯಸ್ಸು ನಲವತ್ತರ ಹತ್ತಿರವಿದ್ದರೆ ಅನೇಕ ವೈದ್ಯರು ಅದನ್ನೇ ಸೂಚಿಸುತ್ತಾರೆ. ತಂಗಿಗೆ ಇನ್ನೂ 33 ಆಗಿದ್ದುದರಿಂದ, ಜೋಡಣೆ ಯಶಸ್ವಿಯಾದರೆ ತಿಂಗಳು ತಿಂಗಳೂ ಸಹಜವಾಗಿ ಪ್ರಯತ್ನಿಸಬಹುದೆಂಬ ಕಾರಣಕ್ಕೆ ಅವಳು ಶಸ್ತ್ರಚಿಕಿತ್ಸೆಯನ್ನೇ ಆರಿಸಿಕೊಂಡಳು. ಸೂಕ್ಷ್ಮದರ್ಶಕದಡಿ, ಕೂದಲಿಗಿಂತ ತೆಳುವಾದ ದಾರದಿಂದ ಎರಡೂ ಬದಿಯ ನಾಳಗಳನ್ನು ಜೋಡಿಸಿದರು.

ಈಗ ಅವಳಿಗೆ ವೈದ್ಯರು ಒತ್ತಿ ಹೇಳಿರುವುದು ಒಂದೇ: ಮುಟ್ಟು ನಿಂತರೆ ಕಾಯದೆ ಪರೀಕ್ಷೆ ಮಾಡಿಸಿ, ಬೇಗನೆ ಸ್ಕ್ಯಾನ್‌ಗೆ ಬರಬೇಕು. ಜೋಡಿಸಿದ ನಾಳದಲ್ಲಿಯೇ ಗರ್ಭ ನಿಲ್ಲುವ ಅಪಾಯ ಇತರರಿಗಿಂತ ಹೆಚ್ಚು. ನಾಳ ಒಡೆದರೆ ಹೊಟ್ಟೆಯೊಳಗೆ ರಕ್ತಸ್ರಾವವಾಗಿ ಜೀವಕ್ಕೇ ಕುತ್ತು ಬರಬಹುದು.